ಒಂದು ವಾರ್ಡಿಗೆ ಎಷ್ಟು ಸಿಸ್ಟರ್?

ಮಂಗಳೂರಿನಲ್ಲಿ ನೆಹರೂ ಮೈದಾನದ ಹತ್ತಿರ ಎ.ಬಿ. ಶೆಟ್ಟಿ ವೃತ್ತವಿದೆ. ರಜೆಯಲ್ಲಿ ಊರಿಗೆ ಹೋದ ನಮ್ಮ ಮುಂಬಯಿಗರು ಅದನ್ನು ಎಷ್ಟು ಸಲ ಸುತ್ತಿದ್ದಾರೋ ಲೆಕ್ಕವಿಲ್ಲ. ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ವಿಜಯಾ ಬ್ಯಾಂಕು. 1931ರಲ್ಲಿ, ಅಡಿಕೆ ತೆಂಗು ಭತ್ತಗಳ ಧಾರಣೆ ಬಿದ್ದು ರೈತರು ಕಂಗಾಲಾಗಿದ್ದ ದಿನಗಳಲ್ಲಿ, ಅತ್ತಾವರ ಬಾಲಕೃಷ್ಣ ಶೆಟ್ಟರು ಹುಟ್ಟುಹಾಕಿದ ಬ್ಯಾಂಕು ಅದು. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನಾನು ಬೇರೆ ಬ್ಯಾಂಕಿನಲ್ಲಿದ್ದವನು. ಆದರೂ ವಿಲೀನದ ಸುದ್ದಿ ಓದಿದ ದಿನ ಮನಸ್ಸಿಗೆ ಒಂಥರಾ ಆದದ್ದು ನಿಜ.

ಆದರೆ ಇಲ್ಲಿ ಹೇಳಹೊರಟದ್ದು ಶೆಟ್ಟರ ಬ್ಯಾಂಕಿನ ವಿಷಯವಲ್ಲ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಶೆಟ್ಟರು 1952ರಿಂದ ರಾಜಾಜಿಯವರ ಮಂತ್ರಿಮಂಡಲದಲ್ಲಿ, ಆಮೇಲೆ ಕಾಮರಾಜರ ಮಂತ್ರಿಮಂಡಲದಲ್ಲಿ ಆರೋಗ್ಯ ಖಾತೆ ನೋಡಿಕೊಂಡವರು. 1954ರಲ್ಲಿ ದೇಶದ ನರ್ಸುಗಳ ಸೇವಾಸ್ಥಿತಿ, ಸಂಬಳಸಾರಿಗೆ, ತರಬೇತಿ ಪರಿಶೀಲಿಸಲು ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ಇದೇ ನಮ್ಮ ಶೆಟ್ಟರು. ನರ್ಸಿಂಗ್ ಓದುವ ಹುಡುಗಿಯರು ಇವತ್ತಿಗೂ ಪರೀಕ್ಷೆಗೆ 'ಶೆಟ್ಟಿ ಕಮಿಟಿ, 1954' ಎಂದು ಬಾಯಿಪಾಠ ಮಾಡುತ್ತಾರೆ. ಆ ಶೆಟ್ಟಿ ಯಾರು ಎಂದು ಅವರಿಗೆ ಗೊತ್ತಿಲ್ಲ. ಬ್ಯಾಂಕು ಕಟ್ಟಿದ ಶೆಟ್ಟರು ನರ್ಸುಗಳ ಲೆಕ್ಕ ಹಿಡಿದಿದ್ದರು ಎಂಬುದು ನಮಗೆ ಬ್ಯಾಂಕಿನವರಿಗೆ ಗೊತ್ತಿಲ್ಲ.

ಸಮಿತಿ ಯಾಕೆ ಬೇಕಾಯಿತು ಎಂಬುದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಬ್ರಿಟಿಷ್ ಇಂಡಿಯಾದಲ್ಲಿ ಇರುವ ನರ್ಸುಗಳು ಸುಮಾರು 7,000 ಎಂದಿತು. ಅಂದರೆ 43,000 ಜನರಿಗೆ ಒಬ್ಬರು. 1971ರ ಹೊತ್ತಿಗೆ 7,40,000 ಮಂದಿ ಬೇಕು ಎಂದು ಗುರಿಯನ್ನೂ ಹಾಕಿಕೊಟ್ಟಿತು. ನೂರು ಪಟ್ಟಿಗೂ ಮಿಕ್ಕಿದ ಹೆಚ್ಚಳ! ಇಪ್ಪತ್ತೈದು ವರ್ಷಗಳಲ್ಲಿ ಠೇವಣಿಯನ್ನು ನೂರು ಪಟ್ಟು ಮಾಡಿ ಎಂದು ಶಾಖೆಯ ಮ್ಯಾನೇಜರನಿಗೆ ಹೇಳಿದರೆ ಅವನು ಮೊದಲು ಕೇಳುವುದು, "ಹಣ ಇಡುವವರು ಯಾರು ಸಾರ್?" ಎಂದು. ಇಲ್ಲಿಯೂ ಪ್ರಶ್ನೆ ಅದೇ. ಬರುವವರು ಯಾರು?

ಮುಂಬಯಿಯಲ್ಲಿ ಈ ಪ್ರಶ್ನೆ ಇನ್ನೂ ಹಳೆಯದು. ಜೆ.ಜೆ. ಆಸ್ಪತ್ರೆ 1845ರದು, ಹೆಂಗಸರು ಮಕ್ಕಳಿಗೆಂದೇ ಕಟ್ಟಿದ ಕಾಮಾ ಆಸ್ಪತ್ರೆ 1886ರದು. 1891ರ ಸುಮಾರಿಗೆ ಬಾಯಿ ಕಾಶೀಬಾಯಿ ಗಣಪತ್ ಎಂಬವರು ತರಬೇತಿಗೆ ಬಂದ ಮೊದಲ ಭಾರತೀಯ ಹೆಣ್ಣುಮಗಳು ಎಂದು ನರ್ಸಿಂಗ್ ಚರಿತ್ರೆಯ ಪುಸ್ತಕಗಳಲ್ಲಿದೆ. ಎಷ್ಟೋ ಕಾಲ ಆಂಗ್ಲೋ-ಇಂಡಿಯನ್, ಕ್ರೈಸ್ತ, ಪಾರ್ಸಿ ಮನೆಗಳಿಂದ ಬಂದವರೇ ಹೆಚ್ಚು. ಉಳಿದವರ ಮನೆಗಳಲ್ಲಿ ಮಗಳನ್ನು ನರ್ಸ್ ಮಾಡುವುದೆಂದರೆ ಮದುವೆಯ ಆಸೆ ಬಿಟ್ಟ ಹಾಗೆ. ರಾತ್ರಿ ಹೊರಗಿರುವ ಕೆಲಸ, ಗಂಡಸರ ಮೈ ಮುಟ್ಟುವ ಕೆಲಸ, ಮಲಮೂತ್ರ ಬಳಿಯುವ ಕೆಲಸ ಎಂದು ಮೂರು ದೂರು. ಈ ದೂರುಗಳಿಗೆ ಸೀಟು ಹೆಚ್ಚಿಸಿದರೆ ಉತ್ತರ ಸಿಗುವುದಿಲ್ಲ. ಅವಳು ಎಲ್ಲಿ ಮಲಗುತ್ತಾಳೆ, ಏನು ಉಣ್ಣುತ್ತಾಳೆ, ತಿಂಗಳಿಗೆ ಎಷ್ಟು ಸಿಗುತ್ತದೆ, ಕಲಿಯಲು ಬಂದವಳನ್ನು ಕಲಿಸುತ್ತಾರೋ ವಾರ್ಡಿನಲ್ಲಿ ಬಿಟ್ಟಿ ದುಡಿಸುತ್ತಾರೋ ಎಂದು ಕೇಳಬೇಕಾಗುತ್ತದೆ. ಶೆಟ್ಟಿ ಸಮಿತಿ ಹಿಡಿದದ್ದು ಈ ದಾರಿ. ತರಬೇತಿಯ ಸ್ಥಿತಿಗತಿ ಸುಧಾರಿಸಬೇಕು, ಸೇರಿಸಿಕೊಳ್ಳುವ ಅರ್ಹತೆ ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ನಿಯಮದಂತೆಯೇ ಇರಬೇಕು ಎಂದಿತು. ಓದಲು ಸಪ್ಪೆ ಎನಿಸುವ ಮಾತು. ನನಗಂತೂ ಭೋರ್ ವರದಿಯ ದೊಡ್ಡ ಅಂಕಿಗಿಂತ ಇದರ ಮೇಲೆಯೇ ಗೌರವ.

ನನ್ನ ಸರ್ವಿಸಿನ ಮೊದಲ ವರ್ಷಗಳು ಮಧ್ಯ ಮುಂಬಯಿಯ ಒಂದು ಶಾಖೆಯಲ್ಲಿ ಕಳೆದವು. ಸುತ್ತ ಆಸ್ಪತ್ರೆಗಳು. ತಿಂಗಳ ಮೊದಲ ವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ನಾಲ್ಕೈದು ಸಿಸ್ಟರ್‌ಗಳು ನಿಂತಿರುತ್ತಿದ್ದರು. ಊರಿಗೆ ಡ್ರಾಫ್ಟ್ ಕಳಿಸುವವರು. ಉಡುಪಿ, ಕಾರ್ಕಳ, ಕುಮಟಾ, ಹೆಚ್ಚಿನವು ಕೋಟ್ಟಯಂ, ಪಾಲಾ ಕಡೆಗೆ. ಕನ್ನಡ ಬರುವ ಕ್ಲಾರ್ಕು ಎಂದು ಗೊತ್ತಾದ ಮೇಲೆ ನಮ್ಮ ಕಡೆಯವರು ನನ್ನ ಕೌಂಟರಿಗೇ ಬರುತ್ತಿದ್ದರು. "ಸ್ವಲ್ಪ ಬೇಗ ಮಾಡಿ ಕೊಡಿ ಸಾರ್, ನೈಟ್ ಮುಗಿಸಿ ಸೀದಾ ಬಂದದ್ದು." ಕಣ್ಣು ಕೆಂಪಗೆ, ಸೀರೆಗೆ ಡೆಟಾಲಿನ ವಾಸನೆ. ತಮ್ಮನ ಓದು, ತಂಗಿಯ ಮದುವೆ, ಗದ್ದೆಯ ಸಾಲ ಎಲ್ಲ ಆ ಡ್ರಾಫ್ಟುಗಳ ಮೇಲೆಯೇ. ಮುಂಬಯಿ ಕನ್ನಡಿಗರ ಚರಿತ್ರೆ ಎಂದು ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಬರುವುದು ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಮಂಡಳಿ, ಬ್ಯಾಂಕು. ಈ ಹೆಣ್ಣುಮಕ್ಕಳು ಅದರಲ್ಲಿಲ್ಲ.

ಆಮೇಲೆ ಕೆಲವು ವರ್ಷ ನಾನು ಸಿಬ್ಬಂದಿ ವಿಭಾಗದಲ್ಲಿದ್ದೆ. ಒಂದು ಶಾಖೆಗೆ ಎಷ್ಟು ಜನ ಬೇಕು ಎಂದು ತೀರ್ಮಾನಿಸಲು ವೋಚರು ಎಣಿಸುತ್ತಿದ್ದೆವು, ಮೇಲೆ ರಜೆಗೆಂದು ಇಂತಿಷ್ಟು ಸೇರಿಸುತ್ತಿದ್ದೆವು. ಆ ಅಭ್ಯಾಸದಿಂದಲೇ ನಿವೃತ್ತಿಯ ಮೇಲೆ ನರ್ಸಿಂಗ್ ಕೌನ್ಸಿಲಿನ ಲೆಕ್ಕ ನೋಡಿದೆ. ಕಾಲೇಜು ಇರುವ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಉಳಿದ ಕಡೆ ಐದಕ್ಕೆ ಒಬ್ಬರು. ಪರವಾಗಿಲ್ಲ ಎನಿಸುತ್ತದೆ, ಅಲ್ಲವೇ? ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: ಪ್ರತಿ ಪಾಳಿಗೆ ಒಂಬತ್ತಕ್ಕೆ ಒಬ್ಬರು, ಹದಿನೈದಕ್ಕೆ ಒಬ್ಬರು. ಮೂರು ಪಾಳಿಗೆ ಹಂಚಿದಾಗ ಮೂರು ಒಂಬತ್ತಾಗುತ್ತದೆ, ಐದು ಹದಿನೈದಾಗುತ್ತದೆ. 30 ಹಾಸಿಗೆಯ ಸಾಮಾನ್ಯ ವಾರ್ಡಿಗೆ ಕಾಗದದಲ್ಲಿ ಆರು ಜನ. ಒಂದು ಹೊತ್ತಿನಲ್ಲಿ ರೋಗಿಗಳ ನಡುವೆ ಓಡಾಡುವುದು ಇಬ್ಬರು.

ರಜೆಯ ಲೆಕ್ಕಕ್ಕೆ ಬನ್ನಿ. ಕೌನ್ಸಿಲು ಶೇ. 30 ಸೇರಿಸಿ ಎನ್ನುತ್ತದೆ. ವರ್ಷದ 365ರಲ್ಲಿ ವಾರದ ರಜೆ 52, ಗಳಿಕೆ ರಜೆ 30, ಸಾಂದರ್ಭಿಕ ರಜೆ 8, ಹಬ್ಬಹರಿದಿನ ಒಂದು 15 ಎಂದು ಕಳೆದರೆ ಒಬ್ಬರು ಕೈಗೆ ಸಿಗುವುದು 260 ದಿನ. ಹಾಗಾದರೆ ದಿನವೂ 100 ಜನ ಬೇಕಾದಲ್ಲಿ 140 ಜನರನ್ನು ಇಟ್ಟುಕೊಳ್ಳಬೇಕು. ಹೆರಿಗೆ ರಜೆಯನ್ನು ನಾನಿನ್ನೂ ಹಿಡಿದಿಲ್ಲ. ಕೇಂದ್ರದ ಹಣಕಾಸು ಇಲಾಖೆಯ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ ಶೇ. 45 ಎಂದದ್ದು ಸುಮ್ಮನೆ ಅಲ್ಲ. ಹಣಕಾಸಿನವರನ್ನು ಜಿಪುಣರು ಎಂದು ಬೈಯುತ್ತೇವೆ. ಈ ಒಂದು ವಿಷಯದಲ್ಲಿ ಅವರೇ ಧಾರಾಳಿಗಳು.

ಇಷ್ಟಾದರೂ ಎಣಿಕೆ ಮಂಜೂರಾದ ಹಾಸಿಗೆಯದು. ನೆಲದ ಮೇಲೆ ಹಾಸಿ ಮಲಗಿಸಿದವರು ಲೆಕ್ಕದಲ್ಲಿಲ್ಲ. ನಮ್ಮ ತಂದೆಯವರು ಉಪನಗರದ ಒಂದು ಆಸ್ಪತ್ರೆಯಲ್ಲಿದ್ದಾಗ ರಾತ್ರಿ ನಿದ್ದೆ ಬಾರದೆ ನಾನು ತಲೆ ಎಣಿಸಿದ್ದುಂಟು. ಮಂಚದ ಮೇಲೆ, ಮಂಚದ ನಡುವೆ, ವರಾಂಡದಲ್ಲಿ ಸೇರಿ ಐವತ್ತು ದಾಟಿತು. ಸಿಸ್ಟರ್ ಒಬ್ಬರೇ, ಜೊತೆಗೆ ಒಬ್ಬ ಮಾವಶಿ (ಆಯಾಗಳನ್ನು ಇಲ್ಲಿ ಮರಾಠಿಯಲ್ಲಿ ಹಾಗೆ ಕರೆಯುವುದು, ಚಿಕ್ಕಮ್ಮ ಎಂದರ್ಥ). ಸಲೈನ್ ಮುಗಿದರೆ ನೋಡಿ ಹೇಳುವುದು, ಬೆಡ್‌ಪ್ಯಾನ್ ಕೊಡುವುದು, ಮಗ್ಗುಲು ಬದಲಿಸುವುದು ಎಲ್ಲ ನಾವು ಮನೆಯವರೇ. ಸಿಬ್ಬಂದಿ ಯೋಜನೆಯ ಯಾವ ಕಾಗದದಲ್ಲೂ ಬಾರದ ಈ ಮನೆಯವರು ಇಲ್ಲದಿದ್ದರೆ ನಮ್ಮ ದೊಡ್ಡ ಆಸ್ಪತ್ರೆಗಳು ಒಂದು ವಾರ ನಡೆಯಲಾರವು.

ಒಬ್ಬ ನರ್ಸಿನ ಕೈಕೆಳಗೆ ರೋಗಿಗಳು ಹೆಚ್ಚಿದರೆ ಏನಾಗುತ್ತದೆ? ಕಷ್ಟವಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು ಎಂದು ಅಳೆದು ತೋರಿಸಿದವರು ಅಮೆರಿಕದ ಲಿಂಡಾ ಐಕನ್. ಅವರೂ ಮೂಲತಃ ನರ್ಸ್. ಆಮೇಲೆ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. ಅವರು ಮತ್ತು ಸಂಗಡಿಗರು 168 ಆಸ್ಪತ್ರೆಗಳ 2,32,342 ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆ ಹಿಡಿದು 2002ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆ. 2014ರಲ್ಲಿ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಅದೇ ಶೇ. 7. ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಯಾವ ಹೊತ್ತಿನಲ್ಲೂ ಒಬ್ಬ ನರ್ಸಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ನಮ್ಮದೂ ಐದು, ಅವರದೂ ಐದು. ನಮ್ಮ ಐದನ್ನು ಮೂರರಿಂದ ಗುಣಿಸಬೇಕು, ಅಷ್ಟೇ ವ್ಯತ್ಯಾಸ.

ನರ್ಸೇ ಓದಿ, ಎಣಿಸಿ, ವಾದಿಸುವ ಹಾಗಾಗಬೇಕಾದರೆ ಅವಳಿಗೆ ಪದವಿಯ ಬಾಗಿಲು ತೆರೆಯಬೇಕು. ನಮ್ಮಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ 1946ರಲ್ಲಿ ಪದವಿ ತರಗತಿ ಶುರುವಾಯಿತು. ಮುಂಬಯಿಯಲ್ಲಿ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್‌ಸಿ ಕಾಲೇಜು ಬಂದದ್ದು 1964ರಲ್ಲಿ. ಪದವಿ ಪಡೆದವರು ಕಲಿಸಲು ಹೋದರು, ಮೇಲ್ವಿಚಾರಣೆಗೆ ಹೋದರು. ಆದರೆ ಹುದ್ದೆ ಮಂಜೂರು ಮಾಡುವ ಮೇಜಿನ ಹತ್ತಿರ ಅವರಿಗೆ ಕುರ್ಚಿ ಸಿಕ್ಕಿದ್ದು ಕಡಿಮೆ.

ಈ ಲೆಕ್ಕಗಳ ನಡುವೆ ನಮ್ಮ ಕಡೆಯ ಒಬ್ಬಳನ್ನು ನೆನೆಯದೆ ಮುಂದೆ ಹೋಗಲಾರೆ. ಹೊನ್ನಾವರದ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅಲ್ಲಿಯದೇ ನೌಕರನೊಬ್ಬ ಮೇಲೆ ಬಿದ್ದ. ಅವಳು ಮತ್ತೆ ಎದ್ದೇಳಲಿಲ್ಲ. ಎಲ್ಲರೂ ಆ ಕ್ರೌರ್ಯದ ಬಗ್ಗೆ ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ನೆಲಮಾಳಿಗೆ. ಅಷ್ಟು ದೊಡ್ಡ ಆಸ್ಪತ್ರೆಯ ನರ್ಸಿಗೆ ಬಟ್ಟೆ ಬದಲಿಸಲು ಸಿಕ್ಕಿದ ಜಾಗ ಅದು. ಶೆಟ್ಟಿ ಸಮಿತಿ 'ಸೇವಾಸ್ಥಿತಿ' ಎಂದು ಬರೆದುಕೊಂಡದ್ದು 1954ರಲ್ಲಿ. ಇದು ಹತ್ತೊಂಬತ್ತು ವರ್ಷಗಳ ಮೇಲಿನ ಮಾತು. ಮುಂಬಯಿಯ ನರ್ಸುಗಳು ಆಗ ಮುಷ್ಕರ ಹೂಡಿ ಕೇಳಿದ್ದು ಅರುಣಾಗೆ ಒಳ್ಳೆಯ ಆರೈಕೆ, ತಮಗೆ ಸುರಕ್ಷಿತವಾದ ಕೆಲಸದ ಜಾಗ.

2015ರ ಮೇ 18ರಂದು ಅವಳು ತೀರಿಕೊಳ್ಳುವ ತನಕ ಕೆ.ಇ.ಎಂ.ನ ಸಿಸ್ಟರ್‌ಗಳೇ ಅವಳನ್ನು ನೋಡಿಕೊಂಡರು. ಬೇರೆ ಕಡೆ ಸಾಗಿಸುವ ಪ್ರಯತ್ನ ನಡೆದಾಗ ಅಡ್ಡ ನಿಂತು ತಡೆದರು. ಅವಳ ಮೈಮೇಲೆ ಒಂದು ಬೆಡ್‌ಸೋರ್ ಕೂಡ ಆಗಿರಲಿಲ್ಲ ಎಂಬುದನ್ನು 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿಶೇಷವಾಗಿ ಗಮನಿಸಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಮಾತಿನ ಬೆಲೆ ಗೊತ್ತು. ನಲವತ್ತೊಂದೂವರೆ ವರ್ಷ, ದಿನಕ್ಕೆ ಮೂರು ಪಾಳಿ. ನಾನು ಗುಣಿಸಿ ನೋಡಿದೆ, 45,000 ದಾಟುತ್ತದೆ. ಅಷ್ಟು ಪಾಳಿಗಳಲ್ಲಿ ಯಾರೋ ಒಬ್ಬರು ನೆನಪಿಟ್ಟು ಅವಳ ಮಗ್ಗುಲು ಬದಲಿಸಿದ್ದಾರೆ. ಮೊದಲಿನವರು ನಿವೃತ್ತರಾಗಿ ಹೋದ ಮೇಲೆ, ಅವಳು ಬಿದ್ದ ವರ್ಷ ಇನ್ನೂ ಹುಟ್ಟಿರದ ಹುಡುಗಿಯರು ಆ ಕೆಲಸ ಮುಂದುವರಿಸಿದ್ದಾರೆ. ಇದಕ್ಕೆಂದು ಯಾವ ಹುದ್ದೆಯೂ ಮಂಜೂರಾಗಿರಲಾರದು.

ಇನ್ನು ದೇಶದಲ್ಲಿ ಒಟ್ಟು ಎಷ್ಟು ನರ್ಸುಗಳಿದ್ದಾರೆ ಎಂದು ಕೇಳಿದರೆ ರಾಜ್ಯ ಕೌನ್ಸಿಲುಗಳ ರಿಜಿಸ್ಟರು ತೋರಿಸುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಬಹುಕಾಲ ಟ್ಯಾಲಿ ಮಾಡದ ಲೆಡ್ಜರು. ಸತ್ತವರು, ಕೆಲಸ ಬಿಟ್ಟವರು, ಗಲ್ಫಿಗೆ ಹೋದವರು, ಎಲ್ಲರ ಖಾತೆಯೂ ಚಾಲ್ತಿಯಲ್ಲೇ. 2001ರ ಜನಗಣತಿಯಲ್ಲಿ ಜನ ತಾವೇ ಹೇಳಿಕೊಂಡ ಉದ್ಯೋಗವನ್ನು ಹಿಡಿದು ಸುಧೀರ್ ಆನಂದ್, ವಿಕ್ಟೋರಿಯಾ ಫ್ಯಾನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಅದರಂತೆ ವೈದ್ಯಕೀಯ ಅರ್ಹತೆ ಇದ್ದ ನರ್ಸುಗಳಲ್ಲಿ ಶೇ. 38.4 ಕೇರಳ ಒಂದರಲ್ಲೇ ಇದ್ದರು. ನಮ್ಮ ಕೌಂಟರಿನ ಮುಂದೆ ಪಾಲಾ, ಕೋಟ್ಟಯಂ ಡ್ರಾಫ್ಟುಗಳು ಯಾಕೆ ಅಷ್ಟಿದ್ದವು ಎಂದು ಆಗ ಹೊಳೆಯಿತು. ಹಳೆಯ ಕೌನ್ಸಿಲಿನ 1947ರ ಕಾನೂನಿನ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾನೂನು ಬಂದಿದೆ. ಹೊಸ ರಿಜಿಸ್ಟರಿನ ಮಾತೂ ಅದರಲ್ಲಿದೆ.

ಖಾಸಗಿ ಆಸ್ಪತ್ರೆಗಳ ಕತೆ ಬೇರೆ. ಅಲ್ಲಿ ನರ್ಸುಗಳಿಗೆ ಬರವಿಲ್ಲ, ಸಂಬಳಕ್ಕೆ ಬರ. ಸರ್ಟಿಫಿಕೇಟು ಇಟ್ಟುಕೊಂಡು ಬಾಂಡ್ ಬರೆಸಿಕೊಳ್ಳುವುದರ ವಿರುದ್ಧ 2011ರ ಸುಮಾರಿಗೆ ಮುಂಬಯಿ, ದೆಹಲಿ, ಕೇರಳಗಳಲ್ಲಿ ಮುಷ್ಕರಗಳಾದವು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ನರ್ಸಿಂಗ್ ಹೋಮಿನಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, ಇನ್ನೂರು ದಾಟಿದ ಆಸ್ಪತ್ರೆಗಳು ಸರಕಾರದಷ್ಟೇ ಕೊಡಬೇಕು ಎಂದಿತು. ಅದು ಶಿಫಾರಸು. ಕೊಡಿಸುವುದು ರಾಜ್ಯಗಳಿಗೆ ಬಿಟ್ಟದ್ದು.

ಮೊನ್ನೆ ಡೊಂಬಿವಲಿಯಲ್ಲಿ ಒಬ್ಬ ನಿವೃತ್ತ ಸಿಸ್ಟರ್ ಸಿಕ್ಕಿದ್ದರು. ಕುಂದಾಪುರದ ಕಡೆಯವರು, ನನಗಿಂತ ಏಳೆಂಟು ವರ್ಷ ಹಿರಿಯರು, ಹಾಗಾಗಿ ಅಕ್ಕ ಎಂದೇ ಕರೆದೆ. ನಿಮ್ಮ ಬ್ಯಾಚಿನಲ್ಲಿ ಕನ್ನಡದವರು ಎಷ್ಟಿದ್ದಿರಿ, ಈಗ ಎಲ್ಲಿದ್ದಾರೆ, ಒಂದು ಪಟ್ಟಿ ಮಾಡೋಣ ಎಂದೆ. ಬೆರಳು ಮಡಚುತ್ತ ಹೋದರು. ಒಬ್ಬಳು ಮಸ್ಕತ್ತಿಗೆ, ಇಬ್ಬರು ಕುವೈತಿಗೆ, ಒಬ್ಬಳು ಮದುವೆಯಾಗಿ ಕೆಲಸ ಬಿಟ್ಟಳು, ಒಬ್ಬಳು ತೀರಿಕೊಂಡಳು. ಕೊನೆಯ ತನಕ ವಾರ್ಡಿನಲ್ಲೇ ಇದ್ದವರು ಎಂದರೆ ತಾನೊಬ್ಬಳೇ ಎಂದರು. ರಿಜಿಸ್ಟರಿನಲ್ಲಿ ನಿಮ್ಮೆಲ್ಲರ ಹೆಸರು ಇನ್ನೂ ಇದ್ದೀತು ಅಕ್ಕ, ಎಂದೆ. ಅವರು ನಕ್ಕರು. "ಇರಲಿ ಮಾರಾಯ್ರೆ, ಅಲ್ಲಿಯಾದರೂ ಒಟ್ಟಿಗೆ ಇದ್ದೇವಲ್ಲ" ಎಂದು ಹೇಳಿ ಚಹಾ ತರಲು ಒಳಗೆ ಹೋದರು.