ನಿಂತು ಬರೆದ ಕಥೆಗಾರ

ಗಲೀಷಿಯಾದ ಬುಚಾಚ್ ಎಂಬ ಸಣ್ಣ ಪಟ್ಟಣದಲ್ಲಿ (ಇಂದು ಉಕ್ರೇನಿಗೆ ಸೇರಿದೆ) ಹುಟ್ಟಿದ ಶ್ಮುಯೆಲ್ ಯೋಸೆಫ್ ಚಾಚ್ಕೆಸ್ 1908ರಲ್ಲಿ ಯಾಫಾ ಬಂದರಿಗೆ ಬಂದಿಳಿದಾಗ ಇಪ್ಪತ್ತರ ಆಸುಪಾಸಿನ ಹುಡುಗ. ಅದೇ ವರ್ಷ ಅಲ್ಲಿ ಪ್ರಕಟವಾದ ಕಥೆ ‘ಅಗುನೋತ್’. ಗಂಡ ಕಾಣೆಯಾಗಿ, ಮದುವೆಯ ಬಂಧ ಮಾತ್ರ ಬಿಡದೆ ಉಳಿದ ಹೆಂಗಸನ್ನು ಹೀಬ್ರೂವಿನಲ್ಲಿ ‘ಅಗುನಾ’ ಎನ್ನುತ್ತಾರೆ. ಆ ಮಾತಿನಿಂದಲೇ ಅವರು ಅಗ್ನೋನ್ ಆದರು. ಊರು ಬಿಟ್ಟು ಬಂದವನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಮುಂದೆ ಹನ್ನೊಂದು ವರ್ಷಕ್ಕೂ ಮಿಕ್ಕಿ ಜರ್ಮನಿಯಲ್ಲಿದ್ದರು. 1924ರಲ್ಲಿ ಬಾಡ್ ಹೋಂಬುರ್ಗ್‌ನ ಮನೆಗೆ ಬೆಂಕಿ ಬಿದ್ದು ಸುಮಾರು 4,000 ಪುಸ್ತಕಗಳು, ಜೊತೆಗೆ ಅಚ್ಚಿಗೆ ಹೋಗದ ಕಾದಂಬರಿಯೊಂದರ ಹಸ್ತಪ್ರತಿ ಬೂದಿಯಾದವು. ಆ ಕಾದಂಬರಿಯನ್ನು ಅವರು ಮತ್ತೆ ಬರೆಯಲಿಲ್ಲ. ಜೆರುಸಲೇಮಿಗೆ ಮರಳಿದರು. 1929ರ ಅರಬ್–ಯಹೂದಿ ಗಲಭೆಯಲ್ಲಿ ಅಲ್ಲಿನ ತಲ್ಪಿಯೋತ್ ಬಡಾವಣೆಯ ಮನೆಯೂ ಲೂಟಿಯಾಯಿತು.

ನೀವು ನಿಂತಿರುವ ಈ ಮನೆ 1931ರದು. ಮಹಡಿಯ ಮೇಲೆ, ಪುಸ್ತಕಗಳ ನಡುವೆ, ಎತ್ತರದ ಓದುಪೀಠದ ಮುಂದೆ ನಿಂತೇ ಬರೆಯುತ್ತಿದ್ದರು. ಇರುವೆ ಸಾಲಿನಂಥ ಆ ಅಕ್ಷರಗಳನ್ನು ಬಿಡಿಸಿ ಓದಿ ಟೈಪು ಮಾಡುತ್ತಿದ್ದವರು ಹೆಂಡತಿ ಎಸ್ತೆರ್. ಅವರ ಶ್ರಮವನ್ನೂ ಇಲ್ಲಿ ನೆನೆಯಲೇಬೇಕು.

1966ರಲ್ಲಿ ಕವಯಿತ್ರಿ ನೆಲ್ಲಿ ಸಾಕ್ಸ್ ಜೊತೆ ನೊಬೆಲ್ ಹಂಚಿಕೊಂಡರು. ಹೀಬ್ರೂ ಸಾಹಿತ್ಯಕ್ಕೆ ಅದೇ ಮೊದಲ ನೊಬೆಲ್. 1970ರಲ್ಲಿ ತೀರಿಕೊಂಡರು. ಓದುಪೀಠ ಮೇಲಿನ ಕೋಣೆಯಲ್ಲಿದೆ.