ಬಿಸಿಯೂಟದ ತಟ್ಟೆಯಲ್ಲಿ ಉಳಿದದ್ದು

ತಟ್ಟೆಯಲ್ಲಿ ಅನ್ನ ಬಿಡುವುದು ತಪ್ಪೆಂದು ಎಲ್ಲ ಜಾತಿ ಧರ್ಮಗಳ ಮನೆಗಳಲ್ಲೂ ಹಿರಿಯರು ಕಲಿಸಿದ್ದಾರೆ. ಶಾಲೆಯ ಬಿಸಿಯೂಟ ಬಕೆಟ್ಟಿನ ಪಾಲಾಗುವುದನ್ನು ಕಂಡರೆ ನಾವು ಥಟ್ಟನೆ ಮಕ್ಕಳನ್ನು ದೂರುವುದೂ ಅದಕ್ಕೇ. ಆದರೆ ಈ ಊಟದ ಇತಿಹಾಸವನ್ನು ನೋಡಿದರೆ ಆ ದೂರು ಅಷ್ಟು ಸುಲಭವಲ್ಲ.

1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಆರಂಭವಾದಾಗ ಕರ್ನಾಟಕದ ಮಕ್ಕಳಿಗೆ ಸಿಕ್ಕಿದ್ದು ಊಟವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಅದು ಮನೆಯ ಒಲೆಗೆ ಹೋಗುತ್ತಿತ್ತು. ಹಂಚಿಹೋಗುತ್ತಿತ್ತೇ ಹೊರತು ಚೆಲ್ಲಿಹೋಗುತ್ತಿರಲಿಲ್ಲ. ಬೇಯಿಸಿದ ಊಟವನ್ನೇ ಕೊಡಿ ಎಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಶುರುವಾಯಿತು.

ಬೆಂಗಳೂರಿನ ದಾರಿ ಬೇರೆ. ಯಶವಂತಪುರಕ್ಕೆ ಹತ್ತಿರದ ಇಸ್ಕಾನ್ ಗುಡ್ಡದಿಂದ ಬೆಳೆದ ಅಕ್ಷಯ ಪಾತ್ರ ಸಂಸ್ಥೆ 2000ದಲ್ಲೇ ನಗರದ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡತೊಡಗಿತ್ತು. ಒಂದೇ ದೊಡ್ಡ ಅಡುಗೆಮನೆಯಲ್ಲಿ ನಸುಕಿನಲ್ಲಿ ಬೇಯಿಸಿ ವಾಹನಗಳಲ್ಲಿ ಸಾಗಿಸುವ ಪದ್ಧತಿ ಅದು. ಇದರಿಂದ ಲಕ್ಷಾಂತರ ಮಕ್ಕಳ ಹಸಿವು ತಣಿದಿದೆ, ಒಪ್ಪಲೇಬೇಕು. ಆದರೆ ಹಳ್ಳಿ ಶಾಲೆಯ ಅಡುಗೆಯಾಕೆ ಹಾಜರಿ ಎಣಿಸಿ, 5ನೇ ತರಗತಿವರೆಗಿನವರಿಗೆ ತಲಾ 100 ಗ್ರಾಂ, ಮೇಲಿನವರಿಗೆ 150 ಗ್ರಾಂನಂತೆ ಅಳೆದು ಒಲೆ ಹೊತ್ತಿಸಬಲ್ಲಳು. ಎಲ್ಲೋ ದೂರದ ಅಡುಗೆಮನೆಗೆ ಹಬ್ಬದ ಮರುದಿನ ಎಷ್ಟು ಮಕ್ಕಳು ಬಂದಾರೆಂದು ನಸುಕಿನಲ್ಲೇ ತಿಳಿಯುವುದು ಹೇಗೆ?

ಇನ್ನು ರುಚಿಯ ಮಾತು. ಈ ಸಂಸ್ಥೆಯ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. 2018-19ರಲ್ಲಿ ಇದು ದೊಡ್ಡ ವಿವಾದವಾಯಿತು. ರುಚಿಸದೆ ಮಕ್ಕಳು ಊಟ ಬಿಡುತ್ತಿದ್ದಾರೆಂದು ಆಹಾರದ ಹಕ್ಕಿನ ಕಾರ್ಯಕರ್ತರು ಹೇಳಿದರು. ಪೌಷ್ಟಿಕಾಂಶ ನಿಗದಿಯಂತೆಯೇ ಇದೆ ಎಂದು ಸಂಸ್ಥೆ ಉತ್ತರಿಸಿತು. ಆದರೆ ತಿನ್ನದೆ ಬಿಟ್ಟ ಅನ್ನದ ಪೌಷ್ಟಿಕಾಂಶ ಯಾರ ಲೆಕ್ಕಕ್ಕೆ? ಒಗ್ಗರಣೆಯಲ್ಲಿ ಬೆಳ್ಳುಳ್ಳಿಯ ಘಮವಿಲ್ಲದೆ ಸಾರನ್ನೇ ಅರಿಯದ ಮನೆಗಳಿಂದ ಬರುವ ಮಕ್ಕಳು, ಬರೀ ಮುಸ್ಲಿಮರಲ್ಲ, ಹೆಬ್ಬಾಳದಲ್ಲೂ ಯಲಹಂಕದಲ್ಲೂ ಇದ್ದಾರೆ.

ಮೊಟ್ಟೆಯ ವಿಷಯದಲ್ಲಿ ಸರಕಾರ ತಡವಾಗಿಯಾದರೂ ಮಕ್ಕಳ ಇಷ್ಟವನ್ನು ಕೇಳಿತು. 2021ರ ಡಿಸೆಂಬರ್‌ನಲ್ಲಿ 7 ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆದರೂ ಯೋಜನೆ ನಿಲ್ಲಲಿಲ್ಲ, ಬೇಡವೆಂದವರಿಗೆ ಬಾಳೆಹಣ್ಣು ಸಿಕ್ಕಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ 6 ದಿನಗಳಿಗೆ ವಿಸ್ತರಿಸಿತು.

ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಆರ್.ಟಿ. ನಗರದ ಕಡೆಯ ಶಾಲೆಗಳ ಎಸ್‌ಡಿಎಂಸಿಯಲ್ಲಿ ಕೂರುವ ತಾಯಂದಿರು ಊಟ ಮುಗಿದ ಮೇಲೆ ಆ ಬಕೆಟ್ಟಿನೊಳಗೂ ಒಮ್ಮೆ ಇಣುಕಲಿ, ಇವತ್ತೇನು ಉಳಿಯಿತೆಂದು ಬರೆದಿಡಲಿ.