ಹೊಲಕ್ಕಿಲ್ಲದ ಬೇಲಿ ಹಿತ್ತಲಿಗೆ

ಬೈಲಹೊಂಗಲದಿಂದ ಸವದತ್ತಿಯ ಕಡೆ ಹರಡಿರುವ ಎರಿಹೊಲಗಳಿಗೆ ಬೇಲಿ ಅಪರೂಪ. ಜೋಳದ ಹೊಲ ಮುಗಿದು ಕಡಲೆಯ ಹೊಲ ಶುರುವಾಗುವಲ್ಲಿ ಒಂದು ಬದು, ಮೂಲೆಯಲ್ಲೊಂದು ಬಾಂದಗಲ್ಲು. ಮುಂಬೈ ಪ್ರಾಂತದ ಭೂಮಾಪನಕ್ಕೆ ನಿಯಮಗಳನ್ನು ಗಟ್ಟಿಮಾಡಿದ 1847ರ ಜಂಟಿ ವರದಿಯ ಕಾಲದಿಂದ ಗಡಿ ಹೇಳುವ ಕೆಲಸ ಕಲ್ಲಿನದು. ಇಲ್ಲಿಯ ಬೇಲಿ ಆಸ್ತಿಯ ಗುರುತಲ್ಲ, ದನದ ಬಾಯಿಗೆ ಒಡ್ಡಿದ ತಡೆ. ಅದು ಸುತ್ತುತ್ತಿದ್ದದ್ದು ಹಿತ್ತಲನ್ನು, ಬಾವಿಯ ಕೆಳಗಿನ ತೋಟವನ್ನು, ಸುಗ್ಗಿಯಲ್ಲಿ ಕಣ ಮತ್ತು ಬಣವೆಯನ್ನು.

ಆದರೂ ಪರರ ಪೈರಿಗೆ ಬಾಯಿ ಹಾಕಿದ ದನಕ್ಕೆ ಶಿಕ್ಷೆ ಇದ್ದೇ ಇತ್ತು. 1871ರ ಜಾನುವಾರು ಅತಿಕ್ರಮಣ ಕಾಯ್ದೆ ಬಂದ ಮೇಲೆ ಅಂಥ ದನವನ್ನು ಕೊಂಡವಾಡಕ್ಕೆ ಹೊಡೆಯುತ್ತಿದ್ದರು; ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ದಂಡಕ್ಕಿಂತ ಮುಳ್ಳು ಅಗ್ಗ.

ಮುಳ್ಳು ಸಿಗುತ್ತಿದ್ದದ್ದು ಕರಿಜಾಲಿಯಿಂದ. ಅದರ ಕಾಂಡ ಬಡಿಗೇರನ ಪಾಲು: ಕುಂಟೆ, ಕೂರಿಗೆ, ಗಾಡಿಯ ಸಾಮಾನಿಗೆ ಅಷ್ಟು ಗಟ್ಟಿ ಕಟ್ಟಿಗೆ ಬಯಲುಸೀಮೆಯಲ್ಲಿ ಬೇರೆ ಸಿಗುವುದು ಕಷ್ಟ. ಕಾಯಿ ಆಡು-ಕುರಿಗೆ. ಉಳಿದ ಟೊಂಗೆ ಬೇಲಿಗೆ. ಹಾರಿಯಿಂದ ಗುಣಿ ತೋಡಿ ಗೂಟ ನೆಡಬೇಕು. ಟೊಂಗೆಗಳ ಬುಡ ಒಳಗೆ, ಮುಳ್ಳಿನ ತುದಿ ಹೊರಗೆ. ಕವೆಗೋಲಿನಿಂದ ಒತ್ತಿ ಒತ್ತಿ ಕೂರಿಸಿ, ಮೇಲೊಂದು ಗಳ ಅಡ್ಡ ಇಟ್ಟು, ನೀರಲ್ಲಿ ನೆನೆದು ಮೆತ್ತಗಾದ ಪುಂಡಿ ನಾರಿನಿಂದ ಬಿಗಿಯಬೇಕು. ಕೈ ತರಚದೆ ಈ ಕೆಲಸ ಮುಗಿಸಿದವರು ಯಾರೂ ಇರಲಿಕ್ಕಿಲ್ಲ.

ಇಷ್ಟಾದರೂ ಎರಿ ಭೂಮಿ ಗೂಟವನ್ನು ಬಹಳ ದಿನ ಹಿಡಿದಿಡುವುದಿಲ್ಲ. ಬೇಸಿಗೆಯಲ್ಲಿ ನೆಲ ಬಿರಿದು ಬಾಯಿ ಬಿಡುತ್ತದೆ, ಗೂಟ ಅಲುಗಾಡುತ್ತದೆ. ಸಾಲದ್ದಕ್ಕೆ ಗೆದ್ದಲು. ಮಳೆಗಾಲಕ್ಕೆ ಮುಂಚೆ ಮತ್ತೆ ಗೂಟ ಬಡಿಯಲೇಬೇಕು. ಮಸಾರಿ ನೆಲದವರಿಗೆ ಈ ಕಾಟ ಕಡಿಮೆ. ಕಿತ್ತೂರಿನ ಪಡುವಣ ಮಗ್ಗುಲಲ್ಲಿ, ಮಲೆನಾಡ ಸೆರಗಿನಲ್ಲಿ, ಬಿದಿರು ಹತ್ತಿರ. ಬೇಲಿಗೆ ಗಳ ಧಾರಾಳ. ಆದರೆ 1878ರ ಅರಣ್ಯ ಕಾಯ್ದೆ ಕಾಡಿನ ಕಟ್ಟಿಗೆಗೂ ಅಪ್ಪಣೆ ಬೇಕೆಂದಿತು. ರಾಮದುರ್ಗದ ಒಣ ಕಲ್ಲುಗುಡ್ಡಗಳ ಕಡೆಗೆ ಹೋದಂತೆ ಸತ್ತ ಕಟ್ಟಿಗೆಗಿಂತ ಜೀವಂತ ಬೇಲಿ, ಅಂದರೆ ಕಳ್ಳಿ ಮತ್ತು ಕತ್ತಾಳೆ, ಹೆಚ್ಚು ಬಾಳುತ್ತದೆ.

ಬೇಲಿಗೆಂದು ಹಬ್ಬಿದ ಹೊರನಾಡ ಗಿಡಗಳ ಕಥೆಯೇ ಬೇರೆ. ಅಮೆರಿಕ ಖಂಡದಿಂದ ಬಂದ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ಬೇಲಿ ದಾಟಿ ಹೊಲಕ್ಕೇ ನುಗ್ಗಿತು. 1926ರಲ್ಲಿ ಸಿಲೋನಿನಿಂದ ಒಂದು ಪುಟ್ಟ ಕೀಟವನ್ನು ತರಿಸಿ ಅದನ್ನು ಅಡಗಿಸಬೇಕಾಯಿತು. 1870ರ ದಶಕದಲ್ಲಿ ಭಾರತಕ್ಕೆ ಕಾಲಿಟ್ಟ ಬಳ್ಳಾರಿ ಜಾಲಿಯನ್ನು ಅಡಗಿಸುವ ಕೀಟ ಮಾತ್ರ ಇನ್ನೂ ಸಿಕ್ಕಿಲ್ಲ.

ಈಗ ಕಲ್ಲುಕಂಬ, ಮುಳ್ಳುತಂತಿ. ನೆಟ್ಟು ಮರೆತುಬಿಡಬಹುದು, ಅನುಕೂಲ ನಿಜ. ಆದರೆ ತಂತಿಯ ಸಂದಿಯಲ್ಲಿ ಕೋಳಿಯೂ ಆಡಿನ ಮರಿಯೂ ಸಲೀಸಾಗಿ ನುಸುಳುತ್ತವೆ. ಬದನೆ, ಮೆಂತ್ಯೆ ಬೆಳೆಯುವ ಹಿತ್ತಲಿಗೆ ಇಂದಿಗೂ ಜಾಲಿಮುಳ್ಳೇ ಮೇಲು.